ಕರಡಿಯ ಮಂಡಿನೋವು

"ಹಾಗಲ್ಲ ಮಿಸ್! ತಪ್ಪು, ತಪ್ಪು!" ಎಂದು ಮಕ್ಕಳೆಲ್ಲ ಕೂಗಿದಾಗ, ಶಿಶುವಿಹಾರದ ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಆಯಮ್ಮನ ಜೀವ ಬಾಯಿಗೆ ಬಂತು. ಹೊಸ ಟೀಚರ್ ಪ್ರಾಣಿಗಳ ಚಿತ್ರಪುಸ್ತಕ ತೆರೆದು, ಅದರಲ್ಲಿ ಅಚ್ಚಾಗಿದ್ದಂತೆಯೇ "ಕರಡಿ ಮರದ ಕೆಳಗೆ ಕೂತು ಜೇನು ತಿಂದಿತು" ಎಂದು ಓದಿದ್ದಳು, ಅಷ್ಟೆ.

"ಕರಡಿಗೆ ಮಂಡಿನೋವು ಮಿಸ್. ಬೆಳಗ್ಗೆಯಿಂದ ಎಲ್ಲರ ಲೋಟ ತೊಳೆದೂ ತೊಳೆದೂ ಸುಸ್ತಾಗಿ ಕೂತಿದೆ," ಎಂದ ಗುಂಡಣ್ಣ. ಪಕ್ಕದ ಎರಡು ಜಡೆಯವಳು ಮೂಗು ಮುರಿದಳು. "ಆಯಮ್ಮ ದಿನಾ ಸರಿಯಾಗಿ ಓದ್ತಾರೆ. ನಿಮಗೆ ಓದೋಕೇ ಬರಲ್ಲ!"

ಟೀಚರ್ ತಿರುಗಿ ನೋಡಿದಳು. ಆಯಮ್ಮ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. ಓದು ಬರಹ ಬರುತ್ತದೆ ಎಂದು ಹೇಳಿಯೇ ಅವಳು ಕೆಲಸಕ್ಕೆ ಸೇರಿದ್ದಳು. ಸಂಜೆ ಅಮ್ಮಂದಿರು ಬರುವ ತನಕ ಮಕ್ಕಳನ್ನು ಸುಮ್ಮನಿರಿಸಲು, ಚಿತ್ರ ನೋಡಿ ಬಾಯಿಗೆ ಬಂದದ್ದು ಹೇಳುತ್ತಿದ್ದಳು. ಗುಟ್ಟು ರಟ್ಟಾಯಿತು, ನಾಳೆಯಿಂದ ಈ ಕೆಲಸವೂ ಇಲ್ಲ ಎಂದುಕೊಂಡಳು. ಅಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಟೀಚರ್ ಎದ್ದು ತನ್ನ ಕುರ್ಚಿಯನ್ನು ಆಯಮ್ಮನ ಹತ್ತಿರಕ್ಕೆ ಎಳೆದು ತಂದಳು. ಪುಸ್ತಕವನ್ನು ಅವಳ ಒದ್ದೆ ಕೈಗಿಟ್ಟು, ತಾನು ಮಕ್ಕಳ ನಡುವೆ ಚಾಪೆಯ ಮೇಲೆ ಕೂತಳು.

"ಮಕ್ಕಳು ಹೇಳಿದ್ದೇ ಸರಿ, ನಾನೇ ತಪ್ಪು ಓದಿದೆ," ಎಂದಳು. "ಮುಂದಿನ ಪುಟ ನೀವು ಓದಿ ಅಕ್ಕಾ. ಕೂತ್ಕೊಂಡೇ ಓದಿ."