ಎರಡನೆಯ ಈಡು

ಮೇಜಿನ ಮೇಲಿಟ್ಟ ಕೊಂಬನ್ನು ಕಂಡದ್ದೇ ಐಲಾಳ ಕೈ ಅಳತೆಪಟ್ಟಿಯ ಸಮೇತ ನಿಂತುಹೋಯಿತು. ಬಲಗೊಂಬಿನ ಬುಡದಿಂದ ಹೊರಟ ಒಂದು ಕವಲು ಮೇಲೇಳದೆ ಕೆಳಗೆ ಇಳಿದಿತ್ತು. ತುದಿ ಚಮಚದ ಹಾಗೆ ಅಗಲವಾಗಿತ್ತು. ಅಂಥ ಕೊಂಬಿನ ಜಿಂಕೆ ಅವರ ಕಾಡಿನಲ್ಲಿ ಇದ್ದದ್ದು ಒಂದೇ.

"ಇದನ್ನ ಯಾವಾಗ ಹೊಡೆದಿದ್ದು?"

ಎದುರಿಗಿದ್ದ ಮುದುಕ ಟೋಪಿ ತೆಗೆದ. ಡೆಲ್ಬರ್ಟ್ ಕ್ಯಾಡೊ ಎಂದು ಹೆಸರು ಬರೆಸಿದ್ದ, ನಲವತ್ತು ಮೈಲಿ ಆಚೆಯವನು. "ಹತ್ತೊಂಬತ್ತು ವರ್ಷ ಆಯ್ತಮ್ಮ. ನವೆಂಬರ್ ಕೊನೆ. ಹಬ್ಬದ ಗುರುವಾರ."

ಪಕ್ಕದಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದ ಆರ್ವೊ ಪೆನ್ಸಿಲ್ ಕೆಳಗಿಟ್ಟ. ಅವನ ಅಣ್ಣ, ಐಲಾಳ ಗಂಡ ರೇನೊ ಗುಂಡು ತಗುಲಿ ಸತ್ತದ್ದು ಆ ಗುರುವಾರವೇ.

ಪ್ರತಿ ಮಾರ್ಚ್‌ನಲ್ಲಿ ಸುತ್ತಮುತ್ತಲಿನ ಬೇಟೆಗಾರರೆಲ್ಲ ಯಾರದು ದೊಡ್ಡದೆಂದು ಅಳೆಸಲು ಊರಿನ ಅಗ್ನಿಶಾಮಕ ಠಾಣೆಯ ಹಜಾರಕ್ಕೆ ಕೊಂಬು ಹೊತ್ತು ತರುತ್ತಿದ್ದರು. ಅಳೆಯುವವಳು ಐಲಾ. ಅವಳ ಕಣ್ಣು ತಪ್ಪಿದ್ದಿಲ್ಲ. "ಮೊದ್ಲು ಕೊಂಬು ನೋಡ್ಬೇಡಿ, ಕಿವಿ ನೋಡಿ. ಕೊಂಬು ಕಿವಿ ತುದಿ ದಾಟಿ ಎಷ್ಟು ಚಾಚಿದೆ ಲೆಕ್ಕ ಹಾಕಿ. ಹೊಟ್ಟೆ ಜೋತುಬಿದ್ದು, ಕುತ್ತಿಗೆ ಎದೆ ಒಂದೇ ಆಗಿ ಕಂಡ್ರೆ ಐದು ವರ್ಷ ದಾಟಿದೆ. ಕಾಲೇ ಉದ್ದ ಕಂಡ್ರೆ ಇನ್ನೂ ಎಳಸು, ಬಿಟ್ಬಿಡಿ," ಎಂದು ಹೊಸಬರಿಗೆ ಹೇಳಿಕೊಡುವಳು. ತಾನು ಮಾತ್ರ ಮತ್ತೆ ಬೇಟೆಗೆ ಹೋಗಲಿಲ್ಲ. ಗಂಡನ ಮಣ್ಣಾದ ವಾರವೇ ತನ್ನ ಕೋವಿಯನ್ನು ಚರ್ಚಿಗೆ ಕೊಟ್ಟುಬಿಟ್ಟಿದ್ದಳು. ಬಂದವರನ್ನೆಲ್ಲ ಕೇಳುವುದು ಒಂದೇ: ಕೆಳಗಿಳಿದ ಕವಲಿನ ಜಿಂಕೆ ಯಾರಾದರೂ ಹೊಡೆದದ್ದು ಗೊತ್ತೆ? ರೇನೊ ಆ ವರ್ಷ ಅದರ ಬೆನ್ನುಹತ್ತಿದ್ದ; ಅವನು ಸತ್ತ ದಿನದಿಂದ ಅದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಹೊಡೆದವನು ಸಿಕ್ಕರೆ ರೇನೊನನ್ನು ಕೊಂದವನೂ ಸಿಕ್ಕ ಹಾಗೆ ಎಂದು ಊರಿಗೆ ಊರೇ ನಂಬಿತ್ತು.

ಆ ಗುರುವಾರ ಬೆಳಿಗ್ಗೆ ಹಿಮಗಾಳಿ. ಜನರೆಲ್ಲ ಮನೆಯಲ್ಲಿ ಹಬ್ಬದಡುಗೆಯ ಗಡಿಬಿಡಿಯಲ್ಲಿದ್ದರು. ರೇನೊ ದೇವದಾರುಗಳ ಜೌಗಿಗೆ ಹೋದವನು ಬರಲಿಲ್ಲ. ತಲೆನೋವೆಂದು ಮನೆಯಲ್ಲೇ ಇದ್ದೆ, ಕೋವಿಯ ಎರಡೇ ಎರಡು ಈಡು ಕೇಳಿಸಿತು, ಒಂದರ ಹಿಂದೆ ಒಂದು ಎಂದು ಐಲಾ ಪೊಲೀಸರಿಗೆ ಹೇಳಿದ್ದಳು. ಗುಂಡು ರೇನೊನ ಎದೆ ಸೀಳಿ ಹೊರಬಿದ್ದು ಜೌಗಿನಲ್ಲಿ ಎಲ್ಲೋ ಹೂತುಹೋಗಿತ್ತು. ಆರ್ವೊ ನೆರೆಮನೆಯ ಸುಲೋನ ಕಡೆ ಬೆರಳು ತೋರಿಸಿದ. ಸಾಕ್ಷಿ ಇರಲಿಲ್ಲ, ಮಾತು ಸಾಕಾಯಿತು. ಐದು ವರ್ಷ ಮೂದಲಿಕೆ ತಿಂದು ಸುಲೋ ಮನೆ ಮಾರಿ ಊರು ಬಿಟ್ಟ. ಐಲಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಉಳಿದವರೆಲ್ಲ ಒಳಕೋಣೆಯಲ್ಲಿ ಏಲಕ್ಕಿ ಬ್ರೆಡ್ಡು, ಕಾಫಿಯ ಮುಂದಿದ್ದರು. ಆರ್ವೊ ಎದ್ದು ಹೋಗಿ ಆ ಬಾಗಿಲು ಹಾಕಿದ.

"ನಮ್ಮ ಜಾಗದಲ್ಲಿ ನಿಂಗೇನು ಕೆಲಸ ಇತ್ತು?"

"ಕಳ್ಳಬೇಟೆ," ಎಂದ ಡೆಲ್ಬರ್ಟ್. "ಆಮೇಲೆ ಪೇಪರಲ್ಲಿ ಓದ್ದೆ. ಹೆದರ್ಕೊಂಡೆ. ಅಟ್ಟದ ಮೇಲೆ ಬಚ್ಚಿಟ್ಟೆ."

"ಹತ್ತೊಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ದೋನು ಈಗ್ಯಾಕೆ ಬಂದೆ?"

"ಹೋದ ತಿಂಗಳು ಸುಲೋ ತೀರ್ಕೊಂಡ. ನಮ್ಮೂರಲ್ಲೇ ಇದ್ದ. ಸಾಯೋ ತನಕ ಒಬ್ರೂ ಅವನನ್ನ ಬೇಟೆಗೆ ಕರೀಲಿಲ್ಲ. ನಾನೂ ಕರೀಲಿಲ್ಲ. ಪಕ್ಕದಲ್ಲಿ ಕೋವಿ ಹಿಡ್ಕೊಂಡು ಕೂರೋಕೆ ಮುಖ ಇರ್ಲಿಲ್ಲ." ಅವನು ಐಲಾಳ ಕಡೆ ತಿರುಗಿದ. "ಆದ್ರೆ ನಿಮ್ಮ ಯಜಮಾನ್ರನ್ನ ಹೊಡೆದಿದ್ದು ನಾನಲ್ಲಮ್ಮ. ಮೊದ್ಲು ಯಾರದೋ ಒಂದು ಈಡು ಕೇಳಿಸ್ತು. ಇದು ಬೆದರಿ ನೇರ ನನ್ನ ಮೇಲೇ ನುಗ್ಗಿ ಬಂತು. ಹೊಡೆದೆ. ಒಂದೇ ಈಡು."

"ಹೇಳೋಕೇನು, ಬಾಯಿಗೆ ಸುಂಕವೆ?" ಎಂದ ಆರ್ವೊ.

ಡೆಲ್ಬರ್ಟ್ ಜೇಬಿನಿಂದ ಹೊಗೆಸೊಪ್ಪಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ನಾಯಿಕೊಡೆಯಂತೆ ಅರಳಿದ ಸೀಸದ ಗುಂಡು. "ನಮ್ಮ ತಾತನ ಕಾಲದ ಕೋವಿ. ದಪ್ಪ ಗುಂಡು, ನಿಧಾನ. ಮೈ ತೂರಿ ಆಚೆ ಹೋಗಲ್ಲ. ಬಲಪಕ್ಕದ ಚರ್ಮದ ಕೆಳಗೇ ಸಿಕ್ತು." ಬಗಲಲ್ಲಿದ್ದ ಸುರುಳಿಯನ್ನು ಮೇಜಿನ ಮೇಲೆ ಹಾಸಿದ. ಹದ ಮಾಡಿದ ಇಡೀ ಚರ್ಮ. "ಬೇಕಾದ್ರೆ ನೋಡ್ಕೊಳ್ಳಿ."

ಐಲಾ ನೋಡಿದಳು. ಎಡಭುಜದ ಹಿಂದೆ ಹೆಬ್ಬೆರಳು ಹೊಗುವಷ್ಟು ತೂತು. ಬಲಪಕ್ಕ ಇಡಿಯಾಗಿತ್ತು. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಕೂದಲನ್ನು ಬೆರಳಿನಿಂದ ಸೀಳಿ ಸೀಳಿ ಹುಡುಕಿದಳು. ಕುತ್ತಿಗೆ, ಬೆನ್ನು, ಹೊಟ್ಟೆಯ ಬಿಳಿ, ತೊಡೆ. ಚರ್ಮ ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು, ಮತ್ತೆ ಮೊದಲಿನಿಂದ ಹುಡುಕಿದಳು.

"ಇನ್ನೊಂದು ಇರ್ಲಿಲ್ವಾ? ಒಂದು ಗೀರು? ಕಾಲಲ್ಲಿ?"

"ನಾನೇ ಸುಲಿದಿದ್ದಮ್ಮ. ಇದ್ದಿದ್ದು ಇದೊಂದೇ."

"ಸರಿಯಾಗಿ ನೆನಪು ಮಾಡ್ಕೊ. ಒಂದು ಸಣ್ಣ ಗೀರಾದ್ರೂ?"

"ಇಲ್ಲಮ್ಮ."

ಅವಳು ಚರ್ಮವನ್ನು ಮತ್ತೆ ಮಗುಚಿದಳು. ಆರ್ವೊ ಹತ್ತಿರ ಬಂದ. "ಬಿಡು ಅತ್ತಿಗೆ, ಅವನ ಸುಳ್ಳನ್ನ ನೀನ್ಯಾಕೆ ಹುಡುಕ್ತೀಯ? ಪೊಲೀಸ್ರು ಹುಡುಕ್ಲಿ."

"ಸುಳ್ಳಲ್ಲ," ಎಂದಳು ಐಲಾ. "ಇವನ ಗುಂಡು ಇದರೊಳಗೇ ನಿಂತಿದೆ. ರೇನೊನ ಎದೆ ತೂರಿ ಹೋಗಿದ್ದು ಇದಲ್ಲ."

ಆರ್ವೊ ಚರ್ಮ ನೋಡಿದ, ಡಬ್ಬಿ ನೋಡಿದ. ಕುರ್ಚಿಯಲ್ಲಿ ಕೂತ. ಒಳಕೋಣೆಯಲ್ಲಿ ಯಾರೋ ತನ್ನ ಜಿಂಕೆಯ ತೂಕ ಹೇಳಿ ಬಡಾಯಿ ಕೊಚ್ಚುತ್ತಿದ್ದ, ಉಳಿದವರು ನಗುತ್ತಿದ್ದರು.

"ಹಂಗಾದ್ರೆ ಎರಡನೇದು ಜಿಂಕೆಗೆ," ಎಂದ ಅವನು ನಿಧಾನವಾಗಿ. "ಅಣ್ಣನಿಗೆ ಬಿದ್ದಿದ್ದು ಮೊದಲ್ನೇದು. ಅದು ಯಾರದ್ದು?"

"ನಂದು," ಎಂದಳು ಐಲಾ. "ಜಿಂಕೆಗೇ ತಗುಲಿದೆ ಅಂದ್ಕೊಂಡಿದ್ದೆ."