ನಾಲ್ಕನೆಯ ಎಲುಬು

“ಎಲ್ಲಾರ ಕಿವ್ಯಾಗೂ ಮೂರು ಸಣ್ಣ ಎಲುಬು ಇರ್ತಾವ್ರಿ. ನಿಮ್ಮ ಮಗನ ಎಡಗಿವ್ಯಾಗ ನಾಕು ಅದಾವ,” ಎಂದರು ಡಾಕ್ಟರ್ ನೀಲಕಂಠಪ್ಪ, ಸಿ.ಟಿ. ಸ್ಕ್ಯಾನಿನ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸುತ್ತ.

ಗೌರಕ್ಕನ ಮುಖ ಅರಳಿತು. ಮಗ ಶಿವಯೋಗೀಶನಲ್ಲಿ ಏನಾದರೂ ಹೆಚ್ಚಿಗೆ ಇದೆಯೆಂದು ಇಪ್ಪತ್ತೇಳು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿ ಮೈದುನನ ಹೆಂಡತಿ, ನೆಗೆಣ್ಣಿ ಶಾಂಭವಿ ಕೂತಿದ್ದಳು. ಇಬ್ಬರಲ್ಲೂ ಮಾತು ನಿಂತು ಇಪ್ಪತ್ನಾಲ್ಕು ವರ್ಷ. ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಶಿವಯೋಗೀಶ ಕರೆದನೆಂದು ಬಂದಿದ್ದಳು, ಅಷ್ಟೆ.

“ಚಾಷ್ಟಿ ಮಾಡಿದೆ,” ಎಂದು ನಕ್ಕರು ಡಾಕ್ಟರು. “ ಇದು ಎಲುಬಲ್ಲ, ಲೋಹ. ಎಲುಬು ಇಷ್ಟು ಬೆಳ್ಳಗ ಕಾಣೂದಿಲ್ಲ. ಸುತ್ತ ಮಾಂಸ ಬೆಳೆದು ಮುಚ್ಚಿಬಿಟ್ಟೈತಿ. ಸೋರೋ ಕಿವಿ ಆಪರೇಷನ್ನಿಗೆ ಮೊದಲು ಸ್ಕ್ಯಾನ್ ಮಾಡ್ಸಿದ್ದು ಛಲೋ ಆತು. ಗುಂಡಗ, ಮಣಿ ಇದ್ದಂಗ ಐತಿ. ಸಣ್ಣಾಂವ ಇದ್ದಾಗ ಏನರ ತುರುಕಿಕೊಂಡಿದ್ದನೇನ್ರಿ?”

ಗೌರಕ್ಕನ ಕೈ ಕೊರಳಿನ ಬೋರಮಾಳ ಸರಕ್ಕೆ ಹೋಯಿತು. ಆ ಸರದಿಂದ ಒಂದು ಬಂಗಾರದ ಗುಂಡು ಕಳೆದಾಗ ಶಿವಯೋಗೀಶನಿಗೆ ಮೂರು ವರ್ಷ. ಅವತ್ತು ಆಕೆ ಶಾಂಭವಿಯ ಟ್ರಂಕನ್ನು ಓಣಿಯ ಹೆಂಗಸರ ಎದುರಿಗೇ ಬೋರಲು ಹಾಕಿಸಿದ್ದಳು. ಮರುದಿನ ಬೆಂಗೇರಿಯ ಅವರ ಕೂಡುಮನೆಯಲ್ಲಿ ಎರಡು ಒಲೆ ಹೊತ್ತಿದವು. ಅದೇ ವರ್ಷ ಹುಡುಗನ ಕಿವಿ ಸೋರತೊಡಗಿದ್ದನ್ನು ಮಾತ್ರ ಯಾರೂ ಮನಸ್ಸಿಗೆ ತಂದುಕೊಳ್ಳಲಿಲ್ಲ.

“ಹಿತ್ತಾಳಿ ಇರಬೇಕ್ರಿ,” ಎಂದಳು ಗೌರಕ್ಕ.

“ಬಂಗಾರನೋ ಹಿತ್ತಾಳಿನೋ, ಸ್ಕ್ಯಾನಿನ್ಯಾಗ ತಿಳಿಯೂದಿಲ್ರಿ.”

“ತಿಳಿಯೂದಿಲ್ಲಂದ್ರ ಹಿತ್ತಾಳಿ ಅಂತನ ಬರೀರಿ.”

ಇಪ್ಪತ್ನಾಲ್ಕು ವರ್ಷ ಬಂದವರೆದುರಿಗೆಲ್ಲ ಅಪ್ಪಟ ಬಂಗಾರವಾಗಿದ್ದ ಗುಂಡು ಹೀಗೆ ಒಂದು ನಿಮಿಷದಲ್ಲಿ ಹಿತ್ತಾಳೆಯಾಯಿತು.

“ಅವ್ವಾ, ಚಿಗವ್ವಗ ತಪ್ಪಾತು ಅಂತ ಒಂದು ಮಾತು ಅನ್ನು,” ಎಂದ ಶಿವಯೋಗೀಶ.

“ನಾ ಯಾಕ ಅನ್ನಲಿ? ಕಿವಿ ನಿಂದು, ತುರುಕಿಕೊಂಡಾಂವ ನೀನು!”

ಆಗ ಶಾಂಭವಿ ಮೊದಲ ಸಲ ಬಾಯಿ ತೆರೆದಳು, ಡಾಕ್ಟರರ ಕಡೆಗೆ ತಿರುಗಿ. “ಗುಂಡು ಅವರಿಗೇ ಕೊಡ್ರಿ, ಅವರದೈತಿ. ಆಪರೇಷನ್ ಮುಗಿದ ಮ್ಯಾಲ ಈ ಫೋಟೋ ಮಾತ್ರ ನನಗ ಕೊಡ್ರಿ.”

ಆಪರೇಷನ್ ಸುಸೂತ್ರವಾಯಿತು. ಗುಂಡು ಬಂಗಾರದ್ದೇ. ಗೌರಕ್ಕ ಅದನ್ನು ಸರಕ್ಕೆ ಪೋಣಿಸಲೂ ಇಲ್ಲ, ಯಾರಿಗೂ ತೋರಿಸಲೂ ಇಲ್ಲ.

ಫಿಲ್ಮು ಈಗ ಇಬ್ಬರೂ ಓಡಾಡುವ ಪಡಸಾಲೆಯ ಕಿಟಕಿಗೆ ಅಂಟಿದೆ. ಬೆಳಗಿನ ಬಿಸಿಲಿಗೆ ಶಿವಯೋಗೀಶನ ತಲೆಬುರುಡೆ ಮಬ್ಬುಮಬ್ಬಾಗಿ ಕಾಣುತ್ತದೆ. ಅದರೊಳಗೆ ಜೋಳದ ಕಾಳಿನಷ್ಟು ಒಂದು ಚುಕ್ಕೆ ಫಳಫಳ ಹೊಳೆಯುತ್ತದೆ. ಓಣಿಯ ಹೆಂಗಸರು ಬಂದು, “ಏನ್ರಿ ಶಾಂಭವಕ್ಕ ಅದು?” ಎಂದು ಕೇಳಿದರೆ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಾಳೆ:

“ನನಗ ಹ್ಯಾಂಗ ಗೊತ್ತಾಗಬೇಕ್ರಿ? ನಮ್ಮ ಅಕ್ಕಾರನ್ನ ಕೇಳ್ರಿ.”