ಒಂದು ಚಿಟಿಕೆ ಹೊಟ್ಟು

ಒಂದಾನೊಂದು ಊರಿನಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರ ಹೊಟ್ಟೆಯೊಳಗೆ ಆರದ ಬೆಂಕಿ. ಊರು ಮಾನ್ವಿ; ಪೆಟ್ಟಿಗೆ ವಿರೂಪಣ್ಣನವರ ಮಗಳು ಕಾವ್ಯಾಳ ಗೇಮಿಂಗ್ ಕಂಪ್ಯೂಟರ್. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಅದರ ಗ್ರಾಫಿಕ್ಸ್ ಕಾರ್ಡ್ ತೊಂಬತ್ತು ಡಿಗ್ರಿ ದಾಟುತ್ತಿತ್ತು, ಮತ್ತೈದು ನಿಮಿಷಕ್ಕೆ ಪರದೆ ಕಪ್ಪಾಗಿ ಎಲ್ಲವೂ ಬಂದ್. ರಾಯಚೂರಿನ ಸತ್ತಾರ್ ಸಾಬರ ರಿಪೇರಿ ಅಂಗಡಿಯಿಂದ ಉಮೇಶ ಎರಡು ಸಲ ಬಂದು, ಕಾರ್ಡಿನ ಬಿಸಿ ಇಳಿಸುವ ಪೇಸ್ಟ್ ಬದಲಿಸಿ, ಧೂಳು ಊದಿ, ಇದು ನಮ್ಮ ಕಡೆಯ ಬಿಸಿಲಿನ ದೋಷ ಎಂದು ಹೇಳಿ ಸೋತು ಹೋಗಿದ್ದ. ಮೂರನೆಯ ಸಲ, ಕತೆಗಳ ನೇಮದಂತೆ, ಅದೇ ಅಂಗಡಿಯ ಕಲ್ಯಾಣಿ ಬಂದಳು.

ಬಸ್ಸಿಳಿದಾಗ ಮಧ್ಯಾಹ್ನ ಎರಡು ಗಂಟೆ. ನಾಲ್ಕಕ್ಕೆ ದೇವದುರ್ಗದ ತಂಡದ ಮೇಲೆ ಕಾವ್ಯಾಳ ಫೈನಲ್. ಎರಡು ವರ್ಷ ಮೊಬೈಲುಗಳಿಗೆ ಗಾಜು ಅಂಟಿಸುತ್ತ ಕೂತಿದ್ದ ಕಲ್ಯಾಣಿ ಈ ಕೆಲಸವನ್ನು ತಾನೇ ಬಾಯಿಬಿಟ್ಟು ಕೇಳಿ ಪಡೆದಿದ್ದಳು. ಸತ್ತಾರ್ ಸಾಬರದು ಒಂದೇ ಕರಾರು. ಆಟ ಮುಗಿಯುವ ತನಕ ಮಷೀನು ನಿಲ್ಲದಿದ್ದರೆ ಅಂಗಡಿಯ ಬೋರ್ಡಿನ ಮೇಲೆ ಅವರ ಹೆಸರಿನ ಕೆಳಗೆ ಅವಳ ಹೆಸರು; ನಿಂತರೆ ವಾಪಸ್ ಗಾಜು ಅಂಟಿಸುವ ಸ್ಟೂಲು.

ಅವಳು ಸ್ಕ್ರೂಡ್ರೈವರ್ ಹೊರಗೇ ತೆಗೆಯಲಿಲ್ಲ. ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನ ಜೀವ ರಾಕ್ಷಸನ ಮೈಯಲ್ಲಿ ಎಂದೂ ಇರುತ್ತಿರಲಿಲ್ಲ. ಮೈಗೆ ಕತ್ತಿ ಹಾಕಿದವರೆಲ್ಲ ಸೋತರು. ಪೆಟ್ಟಿಗೆಯ ಪಕ್ಕದ ಗಾಜಿನ ಬಾಗಿಲು ತೆಗೆದಿಟ್ಟು ಆಟ ಓಡಿಸಿದಳು: ಎಪ್ಪತ್ತಾರು. ಬಾಗಿಲು ಹಾಕಿ ಓಡಿಸಿದಳು: ತೊಂಬತ್ಮೂರು. ಕಾರ್ಡಿಗೆ ರೋಗವಿಲ್ಲ, ಪಾಪ, ಉಸಿರು ಕಟ್ಟುತ್ತಿದೆ.

ಹಾಗಾದರೆ ಬಾಗಿಲು ತೆಗೆದೇ ಆಡಿಬಿಡಲೇ ಎಂದು ಕಾವ್ಯಾ ಕೇಳಿದಳು. ಹೊಸ್ತಿಲಲ್ಲಿ ನಿಂತಿದ್ದ ವಿರೂಪಣ್ಣ ಬಿಲ್ಕುಲ್ ಬೇಡವೆಂದರು. ಗೋಡೆಯಾಚೆಗೇ ಅವರ ಅಕ್ಕಿ ಗಿರಣಿ. ಕಿಟಕಿ ಬಿಗಿದಿದ್ದರೂ ಭತ್ತದ ಹೊಟ್ಟು ಮನೆತುಂಬ ಹಾರಾಡುತ್ತದೆ, ಊಟದ ತಟ್ಟೆಯನ್ನೂ ಬಿಡುವುದಿಲ್ಲ.

“ಧೂಳಿನ ಚಿಂತಿ ನೀ ಮಾಡಬ್ಯಾಡವಾ,” ಎಂದರು. “ಮೂವತ್ತು ವರ್ಷ ಗಿರಣಿ ನಡಸೀನಿ. ಅದರ ಬಂದೋಬಸ್ತ್ ನಾನ ಮಾಡೀನಿ.”

ಕಲ್ಯಾಣಿ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದ ಹೊಟ್ಟನ್ನು ಚಿಟಿಕೆಯಲ್ಲಿ ಎತ್ತಿ ಪೆಟ್ಟಿಗೆಯ ಮುಂದೆ ಹಿಡಿದಳು. ಅದು ಹಾರಿ ಅವಳ ಮುಖಕ್ಕೇ ಬಡಿಯಿತು. ಕಾವ್ಯಾ ನಕ್ಕಳು. ಹಿಂದೆ ಹಿಡಿದಳು; ಅಲ್ಲೂ ಹಾರಿ ಗೋಡೆಗೆ ಹೋಯಿತು. ಆಮೇಲೆ ಗಾಜಿನ ಬಾಗಿಲಿಗೆ ಕಣ್ಣು ಹಚ್ಚಿ ನೋಡಿದಳು. ಬಾಗಿಲ ಸಂದಿನುದ್ದಕ್ಕೂ ಬೂದುಬಣ್ಣದ ಧೂಳಿನ ಗೆರೆ, ವಿರೂಪಣ್ಣನವರ ಹಣೆಯ ವಿಭೂತಿಯಷ್ಟೇ ನೇರ.

“ನಾಲ್ಕೂ ಫ್ಯಾನ್ ಹೊರಗ ಊದಾಕತ್ತಾವ. ಒಳಗ ಗಾಳಿ ತರೋದು ಒಂದೂ ಇಲ್ಲ,” ಎಂದಳು. “ಮುಂದಿನ ಮೂರನ್ನ ಯಾರು ತಿರುವ್ಯಾರ್ರಿ?”

ಕಾವ್ಯಾ ಅಪ್ಪನ ಕಡೆ ನೋಡಿದಳು. ವಿರೂಪಣ್ಣ ಮೀಸೆಯ ಮೇಲೆ ಕೈಯಾಡಿಸಿದರು.

“ನಾನ. ಗಿರಣ್ಯಾಗ ಬ್ಲೋವರ್ ಹೊಟ್ಟನ್ನ ಹೊರಗ ತೂರತದ, ಇಲ್ಲೂ ಹಂಗ ಮಾಡೀನಿ. ಧೂಳನ್ನ ಒಳಗ ಯಾಕ ಕರೀಬೇಕು?”

ಕಲ್ಯಾಣಿ ವಾದಕ್ಕೆ ಇಳಿಯಲಿಲ್ಲ. ಒಂದು ಚಿಟಿಕೆ ಹೊಟ್ಟಿನ ಪುಡಿಯನ್ನು ಅವರ ಅಂಗೈಗೆ ಹಾಕಿ, ಬಾಗಿಲ ಸಂದಿಗೆ ಹಿಡಿಯಿರಿ ಎಂದಳು. ಪುಡಿ ಮೆಲ್ಲಗೆ ಅಲುಗಿ, ಒಂದೊಂದೇ ಕಣ ಸರಿದು, ಸಂದಿಗೆ ಹೋಗಿ ಅಂಟಿಕೊಂಡಿತು.

“ಗಿರಣಿಗೆ ತಗದ ಬಾಗಿಲು ಅದ ರೀ ಯಪ್ಪಾ, ಹೊಸ ಗಾಳಿ ತಾನ ಬರತದ. ಇದಕ್ಕ ಎಲ್ಲಿ ಅದ? ನೀವು ಹೊರಗ ಹಾಕಿದಷ್ಟೂ ಸಂದೀಲೆ ಎಳಕೊಳ್ಳತದ, ಧೂಳು ಸಮೇತ.”

ವಿರೂಪಣ್ಣ ಅಂಗೈಯನ್ನು ನೋಡಿದರು, ಸಂದಿಯನ್ನು ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಕಲ್ಯಾಣಿ ಹನ್ನೆರಡು ಸ್ಕ್ರೂ ಬಿಚ್ಚಿ, ಮೂರು ಫ್ಯಾನನ್ನು ಒಳಮುಖ ಮಾಡಿ, ಹನ್ನೆರಡು ಸ್ಕ್ರೂ ಹಾಕುವಷ್ಟರಲ್ಲಿ ಮೂರೂವರೆ. ಮುಂದೆ ಇರಬೇಕಾದ ಧೂಳು ತಡೆಯುವ ಜಾಲರಿ ಎಲ್ಲಿ ಎಂದು ಕೇಳಿದರೆ, ಗಾಳಿ ಹೊರಗೇ ಹೋಗುವಾಗ ಅದು ದಂಡವೆಂದು ಅಪ್ಪ ಅಡುಗೆಮನೆಗೆ ಕೊಟ್ಟಿದ್ದರಂತೆ. ಕಾವ್ಯಾ ಓಡಿಹೋಗಿ ಹಾಲಿನ ಪಾತ್ರೆಯ ಮೇಲಿಂದ ಅದನ್ನು ತಂದು, ತೊಳೆದು, ಸೆರಗಿಲ್ಲದ ಚೂಡಿದಾರಿನ ತುದಿಯಲ್ಲೇ ಒರೆಸಿ ಕೊಟ್ಟಳು.

ನಾಲ್ಕಕ್ಕೆ ಆಟ ಹತ್ತಿತು. ಮಗಳು ಶತ್ರುಗಳನ್ನು ನೋಡುತ್ತಿದ್ದಳು. ಅಪ್ಪ ಮತ್ತು ಕಲ್ಯಾಣಿ ಪರದೆಯ ಮೂಲೆಯ ಅಂಕಿಯನ್ನು. ಅರವತ್ತೆಂಟು. ಎಪ್ಪತ್ತೊಂದು. ಹದಿನೈದನೇ ನಿಮಿಷ ಬಂತು, ಹೋಯಿತು. ಎಪ್ಪತ್ನಾಲ್ಕಕ್ಕೆ ಹೋದ ಅಂಕಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತು. ಐದೂಕಾಲಿಗೆ ದೇವದುರ್ಗದವರು ಕೂದಲೆಳೆಯ ಅಂತರದಲ್ಲಿ ಗೆದ್ದರು. ಈ ಸಲ ಸೋತದ್ದು ತಾನು, ಮಷೀನಲ್ಲ, ಇನ್ನು ಅವರನ್ನು ನೋಡಿಕೊಳ್ಳುತ್ತೇನೆ ಎಂದು ಕಾವ್ಯಾ ಆಗಲೇ ಮುಂದಿನ ಪಂದ್ಯದ ತಾರೀಕು ಹುಡುಕತೊಡಗಿದಳು.

ಕಲ್ಯಾಣಿ ಫೋನು ಹಚ್ಚಿ ಅಂಕಿ ಹೇಳಿದಳು. ಸತ್ತಾರ್ ಸಾಬರು ಬೋರ್ಡ್ ಬರೆಯುವವನನ್ನು ನಾಳೆಯೇ ಕರೆಸುವುದಾಗಿ ಹೇಳಿದರು.

ಅವಳು ಚೀಲ ಹೆಗಲಿಗೇರಿಸುತ್ತಿದ್ದಂತೆ ವಿರೂಪಣ್ಣ ಹತ್ತಿರ ಬಂದು, ಮಗಳಿಗೆ ಕೇಳದಂತೆ ದನಿ ಇಳಿಸಿದರು.

“ಕುರ್ಡಿಯಾಗ ನಮ್ಮ ಬೀಗರ ಮನ್ಯಾಗ ಒಂದು ಪೆಟ್ಟಿಗಿ ಅದ, ಗಬ್ಬೂರಾಗ ಒಂದು. ಅವುಗಳ ಫ್ಯಾನೂ ನಾನ ತಿರುವಿ ಬಂದೀನಿ.”

ಕಲ್ಯಾಣಿ ಒಂದು ಹಾಳೆ ಕೇಳಿದಳು. ಕಿಟಕಿಯ ಕಟ್ಟೆಯ ಹೊಟ್ಟನ್ನೆಲ್ಲ ಅದರೊಳಕ್ಕೆ ಗುಡಿಸಿ, ಪೊಟ್ಟಣ ಕಟ್ಟಿ, ಸ್ಕ್ರೂಡ್ರೈವರಿನ ಪಕ್ಕದಲ್ಲಿಟ್ಟುಕೊಂಡಳು.